ಗಸಗಸೆ ಮಾತ್ರ ಬ್ಯಾಡಮ್ಮ

ಅಮ್ಮಾ, ಅಪ್ಪಾಜಿ,

ಫೋನಲ್ಲಿ ಹೇಳಿದ್ರೆ ಅಮ್ಮ ಅರ್ಧ ಕೇಳಿ "ಆತು ಬಿಡಪ್ಪ" ಅಂತಾಳೆ, ಅದಕ್ಕೇ ಬರೀತಿದೀನಿ, ಬ್ಯಾಗ್ ತುಂಬೋಕೆ ಕೂರೋ ಮುಂಚೆ ಓದ್ರಿ.

ಮೊಮ್ಮಗಳಿಗೆ ಪಾಯಸ ಮಾಡ್ಕೊಡ್ತೀನಿ ಅಂತ ಮಂಡಿಪೇಟೆಯಿಂದ ಕಾಲು ಕೆಜಿ ಗಸಗಸೆ ತಂದಿಟ್ಟಿದೀಯಂತೆ, ತಂಗಿ ಹೇಳಿದ್ಲು. ಅದನ್ನ ದಾವಣಗೆರೆಲೇ ಬಿಟ್ಟು ಬಾ. ನೀವು ಡಬ್ಲಿನ್‌ಗೆ ಬರೋದು ದುಬೈ ಮೇಲೆ, ಅಲ್ಲಿ ಗಸಗಸೆ ಡ್ರಗ್ಸ್ ಲೆಕ್ಕ, ಅಫೀಮು ಗಿಡದ ಬೀಜ ಅಲ್ವಾ, ಸಿಕ್ಕಿಬಿದ್ರೆ ಜೈಲು. "ನಾವೇನು ಊರೊಳಗೆ ಹೋಗ್ತೀವಾ, ವಿಮಾನ ಬದಲಾಯಿಸೋದಷ್ಟೇ" ಅಂತ ಅಪ್ಪಾಜಿ ವಾದ ಹೂಡ್ತಾರೆ ಗೊತ್ತು, ಆದ್ರೆ ಅಲ್ಲಿ ಇಳಿದ್ಮೇಲೆ ಅಲ್ಲಿಯ ಕಾನೂನೇ, ಕೆಳಗೆ ಹಾಕಿದ ಸೂಟ್‌ಕೇಸಿಗೂ ಸೇರಿ. ನಿನ್ನ ಮಸಾಲೆ ಪುಡಿಗೂ ಗಸಗಸೆ ಹುರಿದು ಹಾಕ್ತೀಯಲ್ಲ, ಅದೂ ಬ್ಯಾಡ.

ಅಪ್ಪಾಜಿ ಮಂಡಿನೋವಿನ ಮಾತ್ರೆ ಸ್ಟ್ರಿಪ್ಪಿಂದು ಫೋಟೋ ಕಳಿಸ್ರಿ. ಟ್ರಾಮಡಾಲ್ ಅಂತಿದ್ರೆ, ಇಲ್ಲಾ ಕೆಮ್ಮಿನ ಸಿರಪ್‌ನಲ್ಲಿ ಕೊಡೀನ್ ಇದ್ರೆ ದುಬೈಗೆ ಮುಂಚೇನೇ ಪರ್ಮಿಷನ್ ಬೇಕು, ಅದರ ಬದ್ಲು ಡಾಕ್ಟರ್ ಹತ್ರ ಬೇರೆ ಬರೆಸ್ಕೊಳ್ಳೋದೇ ಸಲೀಸು. ಬಿಪಿ ಶುಗರ್ ಮಾತ್ರೆ ತರ್ರಿ, ಆದ್ರೆ ಅಮ್ಮ, ಒಂದೊಂದೇ ಬಿಡಿಸಿ ಹಾರ್ಲಿಕ್ಸ್ ಬಾಟ್ಲಿಗೆ ತುಂಬ್ಕೊಂಡು ಬರ್ಬ್ಯಾಡ, ಸ್ಟ್ರಿಪ್ ಹಂಗೇ ಇರ್ಲಿ, ಡಾಕ್ಟರ್ ಚೀಟಿನೂ ಜೊತೆಗೆ.

ಬೆಣ್ಣೆ, ತುಪ್ಪ, ಪೇಡ ಯಾವ್ದೂ ಬ್ಯಾಡ. ನಾನು ಮೊದಲ್ನೇ ಸಲ ಬರೋವಾಗ ನೀನು ಕೊಟ್ಟ ತುಪ್ಪದ ಡಬ್ಬಿ ಹ್ಯಾಂಡ್‌ಬ್ಯಾಗಲ್ಲಿತ್ತು, ಬೆಂಗಳೂರಲ್ಲಿ ಹೆಂಗೋ ದಾಟಿತ್ತು, ಗಟ್ಟಿಗಿತ್ತು ನೋಡು. ಮಧ್ಯದ ಏರ್‌ಪೋರ್ಟಲ್ಲಿ ಮತ್ತೆ ಚೆಕ್ಕಿಂಗ್, ಅಷ್ಟೊತ್ತಿಗೆ ಕರಗಿ ನೀರಾಗಿ, ಚೆಕ್ಕಿಂಗ್‌ನವನು ಡಬ್ಬಿ ಅಲ್ಲಾಡಿಸಿ ನನ್ನ ಮುಖ ನೋಡ್ದ, ನೀರಿನಂಥದ್ದು 100 ಎಂಎಲ್ ದಾಟಂಗಿಲ್ಲ ಅಂದ, ತೊಟ್ಟಿಗೆ ಬಿಟ್ಟ. ಘಮ ಅಂತಿತ್ತು ಕಣಮ್ಮ ಇಡೀ ಲೈನು. ಆಮೇಲೆ ಗೊತ್ತಾಯ್ತು, ಹೊರಗಿನ ಹಾಲಿನ ಪದಾರ್ಥ ಯುರೋಪಿಯನ್ ಯೂನಿಯನ್ ಒಳಗೆ ತರೋ ಹಂಗೇ ಇಲ್ಲ, ಅದು ಇಲ್ಲಿಗೆ ಬಂದಿದ್ರೂ ಉಳೀತಿರ್ಲಿಲ್ಲ.

ಟಿಕೆಟ್ ಒಂದೇ ಬುಕಿಂಗಲ್ಲಿ ಮಾಡ್ಸಿದೀನಿ, ಲಗೇಜ್ ಸೀದಾ ಡಬ್ಲಿನ್‌ಗೇ ಬರುತ್ತೆ. ಬೇರೆ ಬೇರೆ ಟಿಕೆಟ್ ಅಗ್ಗ ಅಂತ ಮಾವ ಹೇಳ್ತಾನೆ, ಆಮೇಲೆ ಸೂಟ್‌ಕೇಸ್ ತಗೊಳ್ಳೋಕೆ ಹೊರಗೆ ಬರ್ಬೇಕು, ಅದಕ್ಕೆ ಆ ದೇಶದ ವೀಸಾ ಬೇಕು, ಅವನ ಮಾತು ಕೇಳ್ಬ್ಯಾಡ್ರಿ. ಪಕ್ಕದ್ಮನೆ ಆಂಟಿ ಮಗನಿಗೆ ಅಂತ ಕವರ್ ಕೊಟ್ರೆ ಎದುರಿಗೇ ಬಿಚ್ಚಿ ನೋಡ್ರಿ, ಬೇಜಾರಾದ್ರೆ ಆಗ್ಲಿ, ಟ್ಯಾಗ್ ಮೇಲೆ ಇರೋದು ನಿಮ್ಮ ಹೆಸ್ರು.

ಮಂಡಕ್ಕಿ ಎಷ್ಟಾದ್ರೂ ತಾ, ತೂಕನೇ ಇಲ್ಲ. ತಮಾಷೆ ಅಂದ್ರೆ ಗಸಗಸೆ ಇಲ್ಲಿ ಸೂಪರ್‌ಮಾರ್ಕೆಟ್ಟಲ್ಲೇ ಸಿಗುತ್ತೆ, ಬ್ರೆಡ್ ಮೇಲೆಲ್ಲ ಉದುರಿಸ್ತಾರೆ, ಜಾಸ್ತಿ ಕರೀದೇ. ಪಾಯಸ ಸಿಮೆಂಟ್ ಬಣ್ಣ ಆಗುತ್ತೆ, ಬೈಬ್ಯಾಡ.

ನಿಮ್ಮ ಮಗ