ತಿರುವೈಯಾರಿನಿಂದ ಮೈಸೂರಿಗೆ ಎರಡು ದಾರಿ: ನಮ್ಮ ಸಂಗೀತ ಕಚೇರಿಗೆ ನೆರವಾದವರಿಗೆ ವಂದನೆ

ಸಾಹಿತ್ಯ, ಸಂಗೀತ ಎರಡನ್ನೂ ತಾವೇ ಕಟ್ಟಿದ ವಾಗ್ಗೇಯಕಾರರನ್ನೂ ಅವರ ಗುರುಗಳನ್ನೂ ಒಂದೇ ಸಂಜೆ ಕೇಳಿಸುವ ನಮ್ಮ ಮನೆ ಕಚೇರಿಗೆ ಈ ಸಲ ಹತ್ತು ವರ್ಷ ತುಂಬಿತು. ಮೈಕಿಲ್ಲ, ಅರವತ್ತು ಜನ ಹಿಡಿಸುವ ಹಜಾರ, ಎರಡೂಕಾಲು ಗಂಟೆಯ ಸಂಗೀತ. ಶಾಲು ಹೊದಿಸಿ ಹಣ್ಣಿನ ಬುಟ್ಟಿ ಕೊಟ್ಟಿದ್ದಾಯಿತು. ಆದರೆ ಯಾರು ಏನು ಮಾಡಿದ್ದರಿಂದ ನಮ್ಮ ಕಿವಿಗೆ ಏನು ಬಿತ್ತು ಅನ್ನುವುದನ್ನು ಬರೆದು ಹೇಳಿದರೇ ನಮಗೆ ಸಮಾಧಾನ.

ಈ ವರ್ಷ ಎತ್ತಿಕೊಂಡದ್ದು ತಿರುವೈಯಾರಿನ ತ್ಯಾಗರಾಜರಿಂದ (1767–1847) ಮೈಸೂರಿಗೆ ಹರಿದು ಬಂದ ಗುರು–ಶಿಷ್ಯರ ಎರಡು ಕವಲು. ಒಂದು ವಾಲಾಜಾಪೇಟೆ ವೆಂಕಟರಮಣ ಭಾಗವತರಿಂದ ಮೈಸೂರು ಸದಾಶಿವರಾಯರಿಗೆ, ಅವರಿಂದ ವೀಣೆ ಶೇಷಣ್ಣನವರಿಗೆ (1852–1926). ಇನ್ನೊಂದು ಮಾನಂಬುಚಾವಡಿ ವೆಂಕಟಸುಬ್ಬಯ್ಯರ್ ಅವರಿಂದ ಪಟ್ಣಂ ಸುಬ್ರಹ್ಮಣ್ಯ ಅಯ್ಯರ್ ಅವರಿಗೆ (1845–1902), ಅವರಿಂದ ಮೈಸೂರು ವಾಸುದೇವಾಚಾರ್ಯರಿಗೆ (1865–1961). ಮೊದಲ ಕವಲಿನ ಶಿಷ್ಯರು ಗುರುಗಳ ಕೃತಿಗಳನ್ನು ಬರೆದಿಟ್ಟರು. ಆ ವಾಲಾಜಾಪೇಟೆ ಹಸ್ತಪ್ರತಿಗಳು ಮದುರೈನ ಸೌರಾಷ್ಟ್ರ ಸಭೆಯ ಪಾಲಾದವು. ಎರಡನೆಯದಕ್ಕೆ ಮೈಸೂರು ಅರಮನೆಯ ಋಣವಿದೆ: ವಾಸುದೇವಾಚಾರ್ಯರನ್ನು ಪಟ್ಣಂ ಅವರ ಹತ್ತಿರ ಕಲಿಯಲೆಂದು ತಿರುವೈಯಾರಿಗೆ ಕಳಿಸಿದ್ದೇ ಅರಮನೆ.

ಮೊದಲ ವಂದನೆ ವೀಣೆ ನುಡಿಸಿದ ವಿದುಷಿಯವರಿಗೆ. ಗಾಯನ, ವೀಣೆ ಎರಡನ್ನೂ ಉದ್ದಕ್ಕೂ ಜೊತೆಯಾಗಿ ಇಡೋಣ ಎಂಬ ನಮ್ಮ ಆಸೆಯನ್ನು ಅವರು ಮೆತ್ತಗೆ ಬಿಡಿಸಿದರು. ಹಾಡುವವರ ಶ್ರುತಿ, ಅಂದರೆ ಆಧಾರ ಸ್ವರದ ಎತ್ತರ, ಒಂದೂವರೆ; ವಿದುಷಿಯವರ ವೀಣೆಯದು ಎರಡೂವರೆ. ವೀಣೆಯನ್ನು ಅಷ್ಟು ಇಳಿಸಿದರೆ ತಂತಿ ಸಡಿಲಗೊಂಡು ಮೆಟ್ಟಿಗೆ (ಸ್ವರಸ್ಥಾನದ ಲೋಹದ ಪಟ್ಟಿ) ಬಡಿಯುತ್ತದೆ, ಸ್ವರವನ್ನು ಅಲುಗಿಸುವ ಗಮಕಕ್ಕೆಂದು ಎಳೆದಾಗ ಕೈಗೆ ಅಭ್ಯಾಸವಾದ ಅಳತೆ ಸಿಗುವುದಿಲ್ಲ. ದಪ್ಪ ತಂತಿ ಹಾಕಬಹುದು, ಆದರೆ ಹೊಸ ತಂತಿ ಹಿಗ್ಗುವುದನ್ನು ನಿಲ್ಲಿಸಿ ಶ್ರುತಿಯಲ್ಲಿ ನಿಲ್ಲುವುದಕ್ಕೆ ದಿನಗಳು ಬೇಕು. ಹಾಡುವವರು ಶ್ರುತಿ ಏರಿಸಿಕೊಂಡರೆ ಕದನಕುತೂಹಲ ರಾಗದಲ್ಲಿ ಕಂಠ ಕಟ್ಟುತ್ತದೆ. ಹಾಗಾಗಿ ಸದಾಶಿವರಾಯರ ಕವಲು ಪೂರ್ತಿ ವೀಣೆಗೆ, ಪಟ್ಣಂ ಕವಲು ಪೂರ್ತಿ ಗಾಯನಕ್ಕೆ ಎಂದು ಅವರೇ ಹಂಚಿಕೊಟ್ಟರು. ಶೇಷಣ್ಣನವರ ಪರಂಪರೆ ವೀಣೆಯ ಮೇಲೆಯೇ ಕೇಳಬೇಕಾದದ್ದು, ಇದಕ್ಕಿಂತ ಒಳ್ಳೆಯ ಏರ್ಪಾಡು ಇರಲಿಲ್ಲ.

ವೀಣೆಯನ್ನು ಮೊದಲಿಟ್ಟದ್ದೂ ಅವರ ಮಾತಿನಂತೆಯೇ. ತುಂಬು ಕಂಠ ಕೇಳಿದ ಕಿವಿ ಮೈಕಿಲ್ಲದ ವೀಣೆಗೆ ಬೇಗ ಇಳಿಯುವುದಿಲ್ಲ. ಅವರು ನುಡಿಸಿದ್ದು ಸಿಂಧುರಾಮಕ್ರಿಯ ರಾಗದ ‘ದೇವಾದಿದೇವ’, ಕಾಂಭೋಜಿಯ ‘ಸಾಮ್ರಾಜ್ಯದಾಯಕೇಶ’, ಕೊನೆಗೆ ಶೇಷಣ್ಣನವರ ಝಂಝೂಟಿ ತಿಲ್ಲಾನ, ಜತಿಯ ಅಕ್ಷರಗಳ ಬಿರುಸಿನ ರಚನೆ. ಸಾಹಿತ್ಯದ ಹಾಳೆಯನ್ನು ಎಲ್ಲರ ಕೈಗೂ ಕೊಟ್ಟಿದ್ದೆವು. ಅದನ್ನು ಓದುತ್ತ ಕೇಳಿದವರಿಗೆ ಮೀಟು ಸಾಹಿತ್ಯದ ಅಕ್ಷರದ ಮೇಲೇ ಬೀಳುವುದು, ಅಕ್ಷರ ಎಳೆದ ಕಡೆ ಮೀಟದೆ ಎಡಗೈಯೇ ಸ್ವರ ಎಳೆದು ತರುವುದು ಸ್ಪಷ್ಟವಾಗಿ ಗೊತ್ತಾಯಿತು. ಹಾಳೆ ಟೈಪು ಮಾಡಿ, ದೀರ್ಘ–ಹ್ರಸ್ವ ಎರಡೆರಡು ಸಲ ತಿದ್ದಿಕೊಟ್ಟ ನಿವೃತ್ತ ಮೇಷ್ಟ್ರಿಗೆ ಅದಕ್ಕಾಗಿ ವಿಶೇಷ ವಂದನೆ. ತೆಲುಗು ಸಾಹಿತ್ಯವನ್ನು ಕನ್ನಡ ಲಿಪಿಗೆ ತರುವಾಗ ದೀರ್ಘ ತಪ್ಪಿದರೆ ತಾಳದ ಲೆಕ್ಕವೂ ತಪ್ಪಿದಂತೆ ಕಾಣುತ್ತದೆ.

ವೀಣೆಯನ್ನು ಕರೆತಂದ ಕಾರಿನ ಯಜಮಾನರನ್ನು ಮರೆಯಲಾಗದು. ವೀಣೆಯ ಇಪ್ಪತ್ನಾಲ್ಕು ಮೆಟ್ಟುಗಳೂ ಕೂತಿರುವುದು ಮೇಣದ ಮೇಲೆ. ಬಿಸಿಲಲ್ಲಿ ನಿಂತ ಕಾರಿನೊಳಗೆ ಮೇಣ ಮೆತ್ತಗಾಗಿ ಒಂದೆರಡು ಮೆಟ್ಟು ಕೂದಲೆಳೆಯಷ್ಟು ಸರಿದರೂ ಸಾಕು, ಆ ಸ್ವರ ಕಚೇರಿಯುದ್ದಕ್ಕೂ ಸುಳ್ಳು ಹೇಳುತ್ತದೆ; ಅಲ್ಲೇ ಕೂತು ಮೇಳ ಕಟ್ಟಲು, ಅಂದರೆ ಮೆಟ್ಟುಗಳನ್ನು ಮೇಣದಲ್ಲಿ ಮತ್ತೆ ಕೂರಿಸಲು, ಆಗುವುದಿಲ್ಲ. ಅವರು ಬೆಳಗ್ಗೆಯೇ ತಂದು ಹಜಾರದ ನೆರಳಲ್ಲಿ ಇರಿಸಿದರು.

ಎರಡು ಶ್ರುತಿ ಎಂದಮೇಲೆ ಎರಡು ತಂಬೂರಿ, ಎರಡು ಮೃದಂಗ. ತಂಬೂರಿಗಳನ್ನು ಎರವಲು ಕೊಟ್ಟ ಎರಡು ಮನೆಯವರಿಗೂ ಋಣಿಗಳು. ಮೃದಂಗದ ವಿದ್ವಾನರು ಒಂದೂಕಾಲು ಗಂಟೆ ಮುಂಚೆಯೇ ಬಂದರು. ಮಳೆಗಾಲದ ತೇವಕ್ಕೆ ಚರ್ಮ ಸಡಿಲವಾಗಿ ಬಲ ಮುಚ್ಚಿಗೆಯ (ಬಲಗೈ ನುಡಿಸುವ ಚರ್ಮದ ಮುಖ) ಶ್ರುತಿ ಇಳಿಯುತ್ತದೆ. ಜನ ತುಂಬಿ ಹಜಾರ ಬೆಚ್ಚಗಾದಾಗ ಮತ್ತೆ ಬದಲಾಗುತ್ತದೆ. ಅದಕ್ಕೇ ಅವರು ಸುತ್ತಲಿನ ಅಂಚನ್ನು ಕಲ್ಲಿನಿಂದ ತಟ್ಟಿ ತಟ್ಟಿ ಮೊದಲೊಮ್ಮೆ, ಜನ ಕೂತ ಮೇಲೆ ಇನ್ನೊಮ್ಮೆ ಕೂಡಿಸಿದರು. ಎಡ ಮುಚ್ಚಿಗೆಗೆ ಚಿರೋಟಿ ರವೆ ಕಲಸಿ ಹಚ್ಚುವಾಗಲೂ ಹದವಿದೆ: ನೀರು ಹೆಚ್ಚಾದರೆ ಜಾರುತ್ತದೆ, ಕಡಿಮೆಯಾದರೆ ನಡುವೆ ಬಿರಿದು ಗುಮ್ಮೆನ್ನುವ ನಾದ ಹೋಗುತ್ತದೆ. ಬಲ ಮುಚ್ಚಿಗೆ ನೇರ ಸಭೆಗೆ ಮುಖ ಮಾಡುವುದು ವಾಡಿಕೆ. ಈ ಹಜಾರದಲ್ಲಿ ಅದು ವೀಣೆಯನ್ನು ಮುಚ್ಚಿಬಿಡುತ್ತದೆಂದು ಅವರೇ ಎರಡಡಿ ಹಿಂದೆ ಸರಿದು, ಓರೆಯಾಗಿ ಕೂತು, ತಿಲ್ಲಾನದವರೆಗೂ ಬೆರಳ ತುದಿಯಲ್ಲೇ ನುಡಿಸಿದರು. ತನಿ, ಅಂದರೆ ಮೃದಂಗವೊಂದೇ ನುಡಿಯುವ ಭಾಗ, ಬೇಡವೆಂದೂ ಅವರೇ ಹೇಳಿದರು. ದೊಡ್ಡ ಮನಸ್ಸು.

ಗಾಯನದ ಭಾಗ ಮಾನಂಬುಚಾವಡಿಯವರ ಹಂಸಧ್ವನಿ ವರ್ಣ ‘ಜಲಜಾಕ್ಷ’ದಿಂದ ಶುರುವಾಗಿ, ತ್ಯಾಗರಾಜರ ಗೌರಿಮನೋಹರಿ ಕೃತಿ ‘ಗುರುಲೇಕ’ ಆಗಿ, ಪಟ್ಣಂ ಅವರ ಕದನಕುತೂಹಲ ಕೃತಿ ‘ರಘುವಂಶ ಸುಧಾ’ಗೆ ಬಂತು. ಇದನ್ನು ಹಾಡಿದ ರೀತಿಗೆ ನಾವು ಏನು ಹೇಳಿದರೂ ಕಡಿಮೆ. ಕದನಕುತೂಹಲ ಪಟ್ಣಂ ಅವರೇ ಬೆಳಕಿಗೆ ತಂದ ರಾಗ. ಆರೋಹಣ ಸ ರಿ ಮ ದ ನಿ ಗ ಪ ಸ. ನಿಷಾದದಿಂದ ತಾರ ಗಾಂಧಾರಕ್ಕೆ ಒಮ್ಮೆಗೇ ಹಾರಬೇಕು. ಪಲ್ಲವಿಯನ್ನೇ ಓಡಿಸಿದರೆ ಚಿಟ್ಟೆಸ್ವರದಲ್ಲಿ (ಕೃತಿಗೆ ಮೊದಲೇ ಕಟ್ಟಿಟ್ಟ ಸ್ವರಗಳ ಸಾಲು) ಆ ಹಾರಿಕೆಗೆ ಸಮಯ ಉಳಿಯದೆ ಗಾಂಧಾರ ಒಂದೆಳೆ ಕೆಳಗೆ ಬೀಳುತ್ತದೆ. ಹಾಡಿದ ವಿದ್ವಾಂಸರು ಕಾಲಪ್ರಮಾಣವನ್ನು, ಅಂದರೆ ನಡೆಯ ವೇಗವನ್ನು, ಒಂದು ಹದ ಕೆಳಗಿಟ್ಟು ಹಿಡಿದರು, ಕಡೆಯವರೆಗೂ ಬಿಡಲಿಲ್ಲ; ಪಿಟೀಲು ಆ ಗಾಂಧಾರವನ್ನು ಪ್ರತಿ ಸಲವೂ ಅಷ್ಟೇ ಶುದ್ಧವಾಗಿ ತಂದುಕೊಟ್ಟಿತು. ಅದರ ಬೆನ್ನಿಗೇ ವಾಸುದೇವಾಚಾರ್ಯರ ಖಮಾಚ್ ಕೃತಿ ‘ಬ್ರೋಚೇವಾರೆವರುರಾ’. ಮಧ್ಯಮಕಾಲದ ಅದೇ ಸಲೀಸು ನಡೆ, ಸಾಹಿತ್ಯಕ್ಕೆ ಹೊಲಿದಂತೆ ಕೂರುವ ಅಂಥದೇ ಚಿಟ್ಟೆಸ್ವರ. ಆದರೆ ಗುರುಗಳಲ್ಲಿ ಹಾರಿಕೆ ಇದ್ದ ಜಾಗದಲ್ಲಿ ಶಿಷ್ಯರಲ್ಲಿ ಸ್ವರದಿಂದ ಸ್ವರಕ್ಕೆ ಜಾರುವ ಮೃದುತನ. ಎರಡನ್ನೂ ಒತ್ತಟ್ಟಿಗೆ ಇಟ್ಟಿದ್ದಕ್ಕೇ ಅದು ಕೇಳಿಸಿತು. ಕಲ್ಯಾಣಿಯಲ್ಲಿ ವಾಸುದೇವಾಚಾರ್ಯರದೇ ‘ಶ್ರೀಮದಾದಿ ತ್ಯಾಗರಾಜ ಗುರುವರಂ’ ಹಾಡುವ ಹೊತ್ತಿಗೆ ಎರಡೂ ಕವಲುಗಳ ಮೂಲಗುರುವಿಗೆ ಆ ಹಜಾರವೇ ಕೈಮುಗಿದಿತ್ತು.

ಸೆಕೆಯಲ್ಲೂ ಫ್ಯಾನ್ ಹಾಕಿ ಎನ್ನದ ಕೇಳುಗರಿಗೆ, ಫೋನನ್ನು ಬಾಗಿಲ ಬಳಿಯ ಬುಟ್ಟಿಗೆ ಹಾಕಿ ಬಂದವರಿಗೆ, ಮಕ್ಕಳನ್ನು ಮುಂದೆ ಕೂರಿಸಿ ತಾಳ ಹಾಕಿಸಿದ ಅಮ್ಮಂದಿರಿಗೆ ನಮಸ್ಕಾರ. ಅಡುಗೆಯವರು ಒಗ್ಗರಣೆಯನ್ನೆಲ್ಲ ನಾಲ್ಕು ಗಂಟೆಗೇ ಮುಗಿಸಿದ್ದರು. ಮೆಣಸಿನಕಾಯಿ ಘಾಟು ಹಾಡುವವರ ಗಂಟಲಿಗೆ ತಾಗಲಿಲ್ಲ. ಹೆಸರು ಹೇಳಬೇಡಿ ಎಂದು ಹಣ ಕೊಟ್ಟವರಿಂದಾಗಿ ಪಕ್ಕವಾದ್ಯದವರಿಗೂ ಮುಖ್ಯ ಕಲಾವಿದರಷ್ಟೇ ಸಂಭಾವನೆ ಕೊಡಲಾಯಿತು.

ಇನ್ನು ತಂಬೂರಿ ಮೀಟಿದ ಇಬ್ಬರು ಕಾಲೇಜು ಹುಡುಗಿಯರು. ತಂಬೂರಿ ತಾಳವನ್ನು ಹಿಂಬಾಲಿಸಬಾರದು. ಹಿಂಬಾಲಿಸಿದರೆ ಹಾಡುವವರಿಗೆ ಎರಡನೇ ತಾಳ ಹಾಕಿದಂತಾಗುತ್ತದೆ. ಪಂಚಮ, ಎರಡು ಸಾರಣೆ (ಮಧ್ಯ ಷಡ್ಜದ ತಂತಿಗಳು), ಮಂದ್ರ, ಮತ್ತೆ ಪಂಚಮ: ಒಂದೇ ನಡೆ, ಒಂದೇ ಒತ್ತು. ತಂತಿಯಡಿಯ ಜೀವಾಳದ ದಾರ ಎಲ್ಲಿಗೆ ಬಂದರೆ ನಾದ ಬಿಚ್ಚಿಕೊಳ್ಳುತ್ತದೆಂದು ತಾವೇ ಹುಡುಕಿ ಇಟ್ಟಿದ್ದರು, ತಿಲ್ಲಾನದ ಬಿರುಸಿಗೂ ಖಮಾಚಿನ ಓಟಕ್ಕೂ ಕೈ ಅಲುಗಿಸಲಿಲ್ಲ. ಅಮ್ಮಾ, ನಿಮ್ಮಿಬ್ಬರಿಗೂ ಕೈಮುಗಿದು ವಂದನೆ. ಸಾಹಿತ್ಯದ ಹಾಳೆಗಳು ಇನ್ನೂ ಒಂದಿಷ್ಟು ಉಳಿದಿವೆ, ಬೇಕಾದವರು ಕೇಳಿ ಪಡೆಯಿರಿ.