ಹೇಸ್ಟಿಂಗ್ಸ್ ವಿಚಾರಣೆ ಬರೆಯುತ್ತಿರುವ ತಂಗಿಗೆ

ಬಸವನಗುಡಿ, ಬೆಂಗಳೂರು

ಪ್ರೀತಿಯ ತಂಗಿ,

ಈಸ್ಟ್ ಇಂಡಿಯಾ ಕಂಪನಿಯ ಗವರ್ನರ್ ಜನರಲ್ ಆಗಿದ್ದು, ಆಮೇಲೆ ಲಂಡನ್ನಿನ ಪಾರ್ಲಿಮೆಂಟಿನಲ್ಲಿ ವಿಚಾರಣೆ ಎದುರಿಸಿದ ವಾರನ್ ಹೇಸ್ಟಿಂಗ್ಸ್ ಬಗ್ಗೆ ನೀನು ಬರೆದದ್ದನ್ನು ಒಂದೇ ಉಸಿರಿಗೆ ಓದಿದೆ. ಸಿಟ್ಟು ಚೆನ್ನಾಗಿ ಬಂದಿದೆ. ಕಾನೂನು ಹೇಗೆ ನಡೆಯಿತು ಅನ್ನೋದು ಮಾತ್ರ ಬಂದಿಲ್ಲ. ಕಥೆಯ ಜೀವ ಇರುವುದೇ ಅಲ್ಲಿ.

ಅವನ ವಿರುದ್ಧ ಪಾರ್ಲಿಮೆಂಟಿನಲ್ಲಿ ವಾದಿಸಿದ ಎಡ್ಮಂಡ್ ಬರ್ಕ್ ಭಾಷಣಕ್ಕೆ ಎರಡು ಪುಟ ಕೊಟ್ಟಿದ್ದೀಯ, ಬಂಗಾಳದ ಅಧಿಕಾರಿ ನಂದಕುಮಾರನಿಗೆ ಒಂದೇ ಸಾಲು. ಇದು ಅನ್ಯಾಯ. 1775ರ ಮಾರ್ಚಿನಲ್ಲಿ ಅವನು ಗವರ್ನರ್ ಜನರಲ್ ಲಂಚ ತಿಂದಿದ್ದಾನೆ ಅಂತ ಕಲ್ಕತ್ತೆಯ ಕೌನ್ಸಿಲಿಗೆ ದೂರು ಕೊಟ್ಟ. ಬಂಗಾಳದ ನವಾಬ ಮೀರ್ ಜಾಫರನ ವಿಧವೆ ಮುನ್ನಿ ಬೇಗಂ ಕೊಟ್ಟ ಒಂದೂವರೆ ಲಕ್ಷ ರೂಪಾಯಿ ತಗೊಂಡದ್ದನ್ನು ಹೇಸ್ಟಿಂಗ್ಸ್ ಅಲ್ಲಗಳೆಯಲಿಲ್ಲ, ಅದು ಆತಿಥ್ಯದ ಖರ್ಚಿಗೆ ಅಂದ. ಮೇ ತಿಂಗಳಲ್ಲಿ ಹಿಡಿದದ್ದು ದೂರು ಕೊಟ್ಟವನನ್ನೇ. ಹಿಂದೆಂದೋ ಒಂದು ಸಾಲಪತ್ರವನ್ನು ಖೋಟಾ ಮಾಡಿದ್ದ ಅನ್ನೋ ಆರೋಪ. ಖೋಟಾ ಪತ್ರಕ್ಕೆ ಗಲ್ಲು ಅನ್ನುವುದು ಇಂಗ್ಲೆಂಡಿನ 1728ರ ಕಾನೂನು. ಅದು ಕಲ್ಕತ್ತೆಗೆ ಅನ್ವಯಿಸುತ್ತದೆಯೇ ಅಂತ ಆಗಲೇ ತಕರಾರಿತ್ತು. ಮುಖ್ಯ ನ್ಯಾಯಾಧೀಶ ಎಲೈಜಾ ಇಂಪೆ ಹೇಸ್ಟಿಂಗ್ಸ್‌ನ ಶಾಲೆಯ ಸಹಪಾಠಿ. ಆಗಸ್ಟ್ 5ಕ್ಕೆ ನಂದಕುಮಾರನನ್ನು ಗಲ್ಲಿಗೇರಿಸಿದರು. ದೂರು ಕೊಟ್ಟು ಐದು ತಿಂಗಳೂ ಆಗಿರಲಿಲ್ಲ.

ಹೇಸ್ಟಿಂಗ್ಸ್ ಸರದಿ ಬಂದಾಗ ತೆಗೆದದ್ದು ಇನ್ನೂ ಹಳೆಯ ಅಸ್ತ್ರ, 1376ರಿಂದ ಬಂದ ಇಂಪೀಚ್‌ಮೆಂಟ್, ಅಂದರೆ ಅಧಿಕಾರಿಯನ್ನು ಪಾರ್ಲಿಮೆಂಟೇ ವಿಚಾರಣೆ ಮಾಡುವುದು. ಪಾರ್ಲಿಮೆಂಟಿನ ಕೆಳಮನೆ ಕಾಮನ್ಸ್ ಸಭೆ ದೂರುದಾರ, ಮೇಲ್ಮನೆ ಲಾರ್ಡ್ಸ್ ಸಭೆ ನ್ಯಾಯಾಧೀಶ. ನಲವತ್ತು ವರ್ಷದಿಂದ ಅದನ್ನು ಯಾರೂ ಮುಟ್ಟಿರಲಿಲ್ಲ. ಪಾರ್ಲಿಮೆಂಟಿನ ವಿಚಾರಣೆಗೆ ಮಾಮೂಲಿ ಕೋರ್ಟಿನ ಕಟ್ಟಳೆ ಬೇಡ ಅನ್ನುವುದು ಬರ್ಕ್ ವಾದ. ಲಾರ್ಡ್ಸ್ ಒಪ್ಪಲಿಲ್ಲ. ಸಾಕ್ಷ್ಯಕ್ಕೆ ಕೋರ್ಟಿನ ನಿಯಮವೇ ಇರಲಿ, ಎಲ್ಲ ಆರೋಪಗಳ ವಾದ ಮುಗಿದ ಮೇಲೇ ತೀರ್ಪು ಅಂದರು. ಕೇಸಿನ ಬೆನ್ನು ಮುರಿದದ್ದು ಈ ಎರಡು ತೀರ್ಮಾನಗಳು ಅಂತ ನನಗನ್ನಿಸುತ್ತದೆ. ನಿನ್ನ ಎರಡು ಪುಟ ಇವಕ್ಕೆ ಕೊಡು. ಭಾಷಣ ಎಲ್ಲರೂ ಬರೆದಿದ್ದಾರೆ, ಅಲ್ವಾ?

1788ರ ಫೆಬ್ರವರಿ 13ಕ್ಕೆ ಶುರುವಾದ ವಿಚಾರಣೆ ಮುಗಿದದ್ದು 1795ರ ಏಪ್ರಿಲ್ 23ಕ್ಕೆ. ಆ ನಡುವೆ, 1791ರ ಮಾರ್ಚ್ 21ರಂದು, ಆಗ ಗವರ್ನರ್ ಜನರಲ್ ಆಗಿದ್ದ ಕಾರ್ನ್‌ವಾಲಿಸ್ ನಮ್ಮ ಬೆಂಗಳೂರು ಕೋಟೆಯ ಗೋಡೆ ಒಡೆದು ಒಳಗೆ ನುಗ್ಗಿದ. ಕೆ.ಆರ್. ಮಾರ್ಕೆಟ್ ಹತ್ತಿರ ಆ ಜಾಗ ತೋರಿಸುವ ಕಲ್ಲಿನ ಫಲಕ ಈಗಲೂ ಇದೆ. ಹೋಗಿ ನೋಡು, ಆಮೇಲೆ ಬರಿ. ಕಂಪನಿಯ ಒಬ್ಬ ಮಾಜಿ ಗವರ್ನರ್ ಜನರಲ್ ಲಂಡನ್ನಿನಲ್ಲಿ ವಿಚಾರಣೆ ಎದುರಿಸುತ್ತಿದ್ದಾಗ ಇನ್ನೊಬ್ಬ ಇಲ್ಲಿ ಊರು ಗೆಲ್ಲುತ್ತಿದ್ದ. ನಮ್ಮ ಓದುಗರಿಗೆ ಇದು ಜಾಸ್ತಿ ತಟ್ಟುತ್ತದೆ.

ಇನ್ನೊಂದು ವಿಷಯ. ಹೇಸ್ಟಿಂಗ್ಸ್ ಎಲ್ಲ ಆರೋಪಗಳಿಂದ ಬಿಡುಗಡೆಯಾದ. ನಿನ್ನ ಲೇಖನದಲ್ಲಿ ಅದು ಎಲ್ಲೋ ಮೂಲೆಯಲ್ಲಿದೆ. ನೇರವಾಗಿ ಹೇಳು. ವಕೀಲರ ಖರ್ಚಿಗೆ 70,000 ಪೌಂಡಿಗಿಂತ ಜಾಸ್ತಿ ಸುರಿದು ಅವನು ದಿವಾಳಿಯ ಅಂಚಿಗೆ ಬಂದ, ಅದನ್ನೂ ಹೇಳು. ಆಮೇಲೆ ಕಂಪನಿ ವರ್ಷಕ್ಕೆ 4,000 ಪೌಂಡ್ ಪಿಂಚಣಿ ಕೊಟ್ಟದ್ದನ್ನು ಅದರ ಪಕ್ಕದಲ್ಲೇ ಬರಿ. ತಿದ್ದಿದ ಪ್ರತಿ ಕಳಿಸು, ಕಾಯುತ್ತಿರುತ್ತೇನೆ.

ನಿನ್ನ ಅಕ್ಕ