ಕೂಪನ್ ಬೇಡ, ಸೆಂಚುರಿಯನ್ ಟ್ಯಾಂಕ್‌ನ ಬ್ಯಾರೆಲ್ ಕಳಿಸಿ

ಕೋಥ್ರೂಡ್, ಪುಣೆ
9 ಆಗಸ್ಟ್ 2025

ಗೆ,
ವ್ಯವಸ್ಥಾಪಕರು,
ಗ್ರಾಹಕ ಸೇವಾ ವಿಭಾಗ,
ಬೆಂಗಳೂರು

ವಿಷಯ: 1/72 ಅಳತೆಯ (ನಿಜದ 72ನೇ ಒಂದು ಭಾಗದಷ್ಟು) ಸೆಂಚುರಿಯನ್ ಯುದ್ಧ ಟ್ಯಾಂಕ್‌ನ ಮಾದರಿ ಜೋಡಿಸುವ ಕಿಟ್‌ನಲ್ಲಿ ಇರಬೇಕಾದ ಭಾಗಗಳು ಇಲ್ಲದಿರುವುದು, ದೂರಿಗೆ ಸರಿಯಾದ ಉತ್ತರ ಸಿಗದಿರುವುದು.

ಮಾನ್ಯರೇ,

ನಾನು ನಿಮ್ಮ ಮಳಿಗೆಯಿಂದ ಇದಕ್ಕೂ ಮೊದಲು ಎರಡು ಸಲ ಕಿಟ್ ತರಿಸಿದ್ದೇನೆ. ಎರಡೂ ಚೆನ್ನಾಗಿ ಬಂದಿದ್ದವು. ಆ ನಂಬಿಕೆಯಿಂದಲೇ ಜೂನ್ 21ರಂದು ಈ ಮೂರನೆಯದನ್ನು ಆರ್ಡರ್ ಮಾಡಿದೆ. ನಿಮ್ಮ ಮಾರಾಟದ ಪುಟದಲ್ಲಿ ಮೂರು ವಿಷಯ ಸ್ಪಷ್ಟವಾಗಿ ಬರೆದಿತ್ತು. ತಿರುಗಣೆಯಲ್ಲಿ ಕಡೆದ ಲೋಹದ ಬ್ಯಾರೆಲ್ (ತೋಪಿನ ನಳಿಗೆ) ಇದೆ, ಫೋಟೋ ಎಚ್ ಹಿತ್ತಾಳೆ ಹಾಳೆ (ಸಣ್ಣ ಭಾಗಗಳನ್ನು ರಾಸಾಯನಿಕದಿಂದ ಕೊರೆದ ತೆಳು ತಗಡು) ಇದೆ, ಭಾರತೀಯ ಸೇನೆಯ 1971ರ ಡೆಕಾಲ್ (ನೀರಲ್ಲಿ ನೆನೆಸಿ ಅಂಟಿಸುವ ಅಕ್ಷರ, ಗುರುತುಗಳು) ಇದೆ ಅಂತ. ಆ ಮೂರಕ್ಕಾಗಿಯೇ ಸಾದಾ ಕಿಟ್‌ಗಿಂತ ಜಾಸ್ತಿ ದುಡ್ಡು ಕೊಟ್ಟೆ.

ಜುಲೈ 1ರಂದು ಪಾರ್ಸೆಲ್ ಬಂತು. ಅವತ್ತು ಇಲ್ಲಿ ಜೋರು ಮಳೆ. ಹೊರಗಿನ ರಟ್ಟು ನೆನೆದು ಮೆತ್ತಗಾಗಿತ್ತು. ಒಳಗೆ ಒಂದೇ ಸುತ್ತು ಹಳೆ ಪೇಪರ್. ಕಿಟ್‌ನ ಡಬ್ಬಿ ತೆಗೆದು ನೋಡಿದರೆ ಪ್ಲಾಸ್ಟಿಕ್ ಚೀಲವನ್ನು ಯಾರೋ ಕತ್ತರಿಸಿ ಮತ್ತೆ ಟೇಪ್ ಹಚ್ಚಿದ್ದರು. ಲೋಹದ ಬ್ಯಾರೆಲ್ ಇರಲಿಲ್ಲ. ಹಿತ್ತಾಳೆ ಹಾಳೆಯೂ ಇರಲಿಲ್ಲ. ಡೆಕಾಲ್ ಹಾಳೆ ಹಳದಿಯಾಗಿ, ತೇವಕ್ಕೆ ಮೇಲಿನ ಕಾಗದಕ್ಕೆ ಅಂಟಿಕೊಂಡಿತ್ತು. ಬರೀ ಹಳದಿಯಾಗಿದ್ದರೆ ನಾನು ದೂರುತ್ತಿರಲಿಲ್ಲ. ಕಿಟಕಿ ಗಾಜಿಗೆ ಅಂಟಿಸಿ ನಾಲ್ಕು ದಿನ ಬಿಸಿಲು ತೋರಿಸಿದರೆ ಎಷ್ಟೋ ಸಲ ಬಿಳಿಯಾಗುತ್ತದೆ. ಇದನ್ನು ಬಿಡಿಸಲು ಹೋದಾಗ ಅಕ್ಷರಗಳೇ ಪುಡಿಪುಡಿಯಾಗಿ ಎದ್ದು ಬಂದವು.

ಸ್ಪ್ರೂನಲ್ಲಿ, ಅಂದರೆ ಭಾಗಗಳು ಅಂಟಿಕೊಂಡಿರುವ ಪ್ಲಾಸ್ಟಿಕ್ ಚೌಕಟ್ಟಿನಲ್ಲಿ, ಪ್ಲಾಸ್ಟಿಕ್ ಬ್ಯಾರೆಲ್ ಇದೆ, ನಿಜ. ಎರಡು ಹೋಳು ಸೇರಿಸಿ ಅಂಟಿಸುವಂಥದ್ದು. ಎಡಗಡೆಯ ಹೋಳು ಬಾಗಿದೆ. ಬಿಸಿನೀರಲ್ಲಿ ಅದ್ದಿ ನೇರ ಮಾಡಿಕೊಳ್ಳಿ ಎಂದು ನಿಮ್ಮವರು ಹೇಳಿದರು. ಸುಮ್ನೆ ಬಾಗಿದ್ದರೆ ಹಾಗೇ ಮಾಡುತ್ತಿದ್ದೆ. ಆದರೆ ಬಾಗಿದ ಜಾಗದಲ್ಲಿ ಪ್ಲಾಸ್ಟಿಕ್ ಬಿಳಿಚಿಕೊಂಡು ಬಿರುಕು ಬಿಟ್ಟಿದೆ. ಬಲಗಡೆಯ ಹೋಳಿನ ತುದಿಗೆ ಅಚ್ಚಿನಲ್ಲಿ ಪ್ಲಾಸ್ಟಿಕ್ ಪೂರ್ತಿ ಹರಿದೇ ಇಲ್ಲ, ಮೊಂಡಾಗಿದೆ. ಫೋಟೋ 4 ಮತ್ತು 5 ನೋಡಿ.

ಪಾರ್ಸೆಲ್ ಬಂದ ದಿನವೇ ಸಂಜೆ ಫೋಟೋ ಸಮೇತ ಮೇಲ್ ಮಾಡಿದೆ. ಜುಲೈ 3ರಂದು ನಿಮ್ಮ ಕಸ್ಟಮರ್ ಕೇರ್‌ನಿಂದ ಒಬ್ಬ ಹುಡುಗ ಫೋನ್ ಮಾಡಿದ. ಕನ್ನಡದಲ್ಲೇ ಮಾತಾಡಿದ, ಖುಷಿಯಾಯಿತು. "ಮೇಡಂ, ಬೇಕಾದ ಭಾಗ ಒಂದು ವಾರದಲ್ಲಿ ಕಳಿಸ್ತೀವಿ. ಅಲ್ಲೀವರೆಗೆ ನೀವು ಬೇರೆ ಕೆಲಸ ಶುರು ಮಾಡಿ" ಎಂದ. ಅವನ ಮಾತು ನಂಬಿ ಶುರು ಮಾಡಿದೆ.

ಏನು ಕೆಲಸ ಮಾಡಿದೆ ಅಂತ ಹೇಳಲೇಬೇಕು. ಯಾಕಂದ್ರೆ ನಿಮ್ಮ ಮೇಲ್‌ನಲ್ಲಿ ಅದನ್ನು "ಬಳಸಿದ ವಸ್ತು" ಎಂದಿದ್ದೀರಿ.

ನಾನು ಡೆಂಟಲ್ ಲ್ಯಾಬ್‌ನಲ್ಲಿ ಹಲ್ಲಿನ ಕ್ಯಾಪ್ ಮಾಡುವವಳು. ರಾತ್ರಿ ಊಟ ಆದ ಮೇಲೆ ಎರಡು ಗಂಟೆ ಈ ಟ್ಯಾಂಕ್‌ಗೆ. ಕಿಟ್‌ನಲ್ಲಿ ಹಿಡಿಕೆಗಳೆಲ್ಲ ಉಬ್ಬು ಗೆರೆಯ ಹಾಗೆ ಅಚ್ಚಾಗಿದ್ದವು. ಅವನ್ನು ಹೆರೆದು ತೆಗೆದು, ಕೈ ಡ್ರಿಲ್‌ನಿಂದ 0.3 ಮಿಲಿಮೀಟರ್ ತೂತು ಕೊರೆದು, ಹಳೆ ಚಾರ್ಜರ್ ವೈರಿನ ತಾಮ್ರದ ಎಳೆ ಬಗ್ಗಿಸಿ ಕೂರಿಸಿದೆ. ಟರೆಟ್ (ತೋಪು ಕೂರುವ, ತಿರುಗುವ ಮೇಲ್ಭಾಗ) ನಿಜದಲ್ಲಿ ಎರಕದ್ದು. ಅದರ ಮೈ ಒರಟಾಗಿರುತ್ತದೆ. ಕಿಟ್‌ನದು ನುಣ್ಣಗಿತ್ತು. ಪುಟ್ಟಿಯನ್ನು ತೆಳ್ಳಗೆ ಮಾಡಿ ಹಚ್ಚಿ, ಗಿಡ್ಡ ಕೂದಲಿನ ಬ್ರಷ್‌ನಿಂದ ಚುಚ್ಚಿ ಚುಚ್ಚಿ ಆ ಒರಟುತನ ತಂದೆ. ಪಕ್ಕದ ತಗಡುಗಳು ಕಿಟ್‌ನಲ್ಲಿ ಒಂದು ಮಿಲಿಮೀಟರ್ ದಪ್ಪ. 1/72ರಲ್ಲಿ ಅದು 7.2 ಸೆಂಟಿಮೀಟರ್ ಆಯಿತು. ನಿಜವಾದ ತಗಡು ಕೆಲವೇ ಮಿಲಿಮೀಟರ್ ದಪ್ಪ. ಅಂಚುಗಳನ್ನು ಒಳಗಿನಿಂದ ಉಜ್ಜಿ ಉಜ್ಜಿ ಬ್ಲೇಡಿನಷ್ಟು ತೆಳ್ಳಗೆ ಮಾಡಲು ನಾಲ್ಕು ರಾತ್ರಿ ಹಿಡಿಯಿತು. ಸ್ಪ್ರೂ ತುಂಡನ್ನು ಮೇಣದಬತ್ತಿ ಮೇಲೆ ಕಾಯಿಸಿ ಎಳೆದರೆ ಕೂದಲಿನಷ್ಟು ಸಣ್ಣ ದಾರ ಬರುತ್ತದೆ. ಅದರಲ್ಲಿ ಏರಿಯಲ್ ಮಾಡಿದೆ. ಟಿಶ್ಯೂ ಪೇಪರ್‌ಗೆ ನೀರು ಬೆರೆಸಿದ ಬಿಳಿ ಅಂಟು ಹಚ್ಚಿ ಸುತ್ತಿ, ಟರೆಟ್ ಹಿಂದೆ ಟಾರ್ಪಾಲ್ ಇಟ್ಟೆ. ಹತ್ತೂವರೆ ಸೆಂಟಿಮೀಟರ್ ಉದ್ದದ ಒಂದು ಮೈ ಮೇಲೆ ಮೂರು ವಾರದ ಕೆಲಸ ಇದು. ಈಗ ಅದು ನನ್ನ ಮೇಜಿನ ಮೇಲೆ ತೋಪಿಲ್ಲದೆ ಕೂತಿದೆ.

ಜುಲೈ 26ರಂದು ನಿಮ್ಮ ಮೇಲ್ ಬಂತು. ಬಿಡಿ ಭಾಗ ಕೊಡುವುದಿಲ್ಲವಂತೆ. ಸ್ಪ್ರೂನಿಂದ ಭಾಗಗಳನ್ನು ಕತ್ತರಿಸಿರುವುದರಿಂದ ವಾಪಸ್ ತೆಗೆದುಕೊಳ್ಳುವುದೂ ಇಲ್ಲವಂತೆ. ಆಟಿಕೆಗಳಿಗೆ ಗ್ಯಾರಂಟಿ ಇರುವುದಿಲ್ಲ, 300 ರೂಪಾಯಿ ಕೂಪನ್ ತೆಗೆದುಕೊಳ್ಳಿ ಎಂದು ಬರೆದಿದ್ದೀರಿ. ಕತ್ತರಿಸಲು ಹೇಳಿದ್ದು ನಿಮ್ಮವರೇ ಅಲ್ವಾ? ಆ ಫೋನ್ ಬಂದಿದ್ದು ನನ್ನ ಮೊಬೈಲ್‌ನಲ್ಲಿ ದಿನಾಂಕ, ಸಮಯ ಸಮೇತ ಇದೆ.

ನಾನು ಒಪ್ಪದಿದ್ದಾಗ ಇನ್ನೊಂದು ಫೋನ್ ಬಂತು. ಬೇರೆ ಸೆಂಚುರಿಯನ್ ಕಿಟ್ ಸ್ಟಾಕ್ ಇದೆ, ಅದರ ಬ್ಯಾರೆಲ್ ಹಾಕಿಕೊಳ್ಳಿ, ಯಾರಿಗೂ ಗೊತ್ತಾಗಲ್ಲ ಎಂದರು. ಆ ಕಿಟ್‌ನದು 105 ಮಿಲಿಮೀಟರ್ ತೋಪು. ನಾನು ಮಾಡುತ್ತಿರುವುದು ಪೂನಾ ಹಾರ್ಸ್ ಎಂಬ ರೆಜಿಮೆಂಟ್‌ನ ಟ್ಯಾಂಕ್. 1971ರಲ್ಲಿ ಅದರ ಸೆಂಚುರಿಯನ್‌ಗಳಲ್ಲಿ ಇದ್ದದ್ದು 20 ಪೌಂಡರ್ ಎಂಬ ತೋಪು, ಸುಮಾರು 84 ಮಿಲಿಮೀಟರ್ ಬಾಯಿಯದು. 1/72ಕ್ಕೆ ಇಳಿಸಿದರೆ ಎರಡರ ನಡುವೆ ವ್ಯತ್ಯಾಸ 0.3 ಮಿಲಿಮೀಟರ್. ಅಷ್ಟೇ ತಾನೇ ಎಂದು ನಿಮಗೆ ಅನಿಸಬಹುದು. ಹಲ್ಲಿನ ಕ್ಯಾಪ್ 0.3 ಮಿಲಿಮೀಟರ್ ಎತ್ತರ ಆದರೆ ಆ ಮನುಷ್ಯನಿಗೆ ಸರಿಯಾಗಿ ಕಚ್ಚಲು ಆಗುವುದಿಲ್ಲ. ನನ್ನ ಲ್ಯಾಬ್‌ನಲ್ಲಿ ಅಂಥದ್ದು ವಾಪಸ್ ಬಂದರೆ ನಾನು ಕೂಪನ್ ಕೊಡುವುದಿಲ್ಲ, ಹೊಸದು ಮಾಡಿ ಕೊಡುತ್ತೇನೆ.

ಈ ಟ್ಯಾಂಕ್‌ನಲ್ಲಿ ಬೇರೆ ಏನು ಹೆಚ್ಚುಕಮ್ಮಿಯಾದರೂ ನಾನೇ ಸರಿ ಮಾಡಿಕೊಳ್ಳುತ್ತಿದ್ದೆ. ತೋಪಿನ ವಿಷಯದಲ್ಲಿ ಆಗುವುದಿಲ್ಲ. ನಾನು ಮಾಡುತ್ತಿರುವುದು ಸೆಕೆಂಡ್ ಲೆಫ್ಟಿನೆಂಟ್ ಅರುಣ್ ಖೇತ್ರಪಾಲ್ ಅವರ ಫಾಮಾಗುಸ್ತಾ ಎಂಬ ಹೆಸರಿನ ಟ್ಯಾಂಕ್. ಅವರು 1950ರ ಅಕ್ಟೋಬರ್ 14ರಂದು ಹುಟ್ಟಿದ್ದು ಇದೇ ಪುಣೆಯಲ್ಲಿ. ಸೇರಿದ ರೆಜಿಮೆಂಟ್‌ಗೂ ಇದೇ ಊರಿನ ಹೆಸರು. 1971ರ ಜೂನ್‌ನಲ್ಲಿ ಸೇರಿದರು, ಡಿಸೆಂಬರ್ 16ರಂದು ಪಾಕಿಸ್ತಾನದ ಜೊತೆಗಿನ ಯುದ್ಧದ ಬಸಂತರ್ ಕಾಳಗದಲ್ಲಿ ತೀರಿಕೊಂಡರು. ಟ್ಯಾಂಕ್‌ಗೆ ಪೆಟ್ಟು ಬಿದ್ದು ಬೆಂಕಿ ಹತ್ತಿದಾಗ ಬಿಟ್ಟು ಬನ್ನಿ ಎಂದು ರೇಡಿಯೋದಲ್ಲಿ ಆದೇಶ ಬಂತು. ತೋಪು ಇನ್ನೂ ಕೆಲಸ ಮಾಡುತ್ತಿದೆ, ಬಿಟ್ಟು ಬರುವುದಿಲ್ಲ ಎಂದು ಅವರು ಹೇಳಿದರು. ಆಗ ಅವರಿಗೆ 21 ವರ್ಷ. ಪರಮವೀರ ಚಕ್ರ ಬಂದಿದ್ದು ಅದಕ್ಕೇ. ಆ ತೋಪಿನ ಜಾಗದಲ್ಲಿ ಬೇರೆ ಯಾವುದೋ ತೋಪು ಇಡಲು ನನ್ನ ಕೈ ಬರುವುದಿಲ್ಲ.

ಅವರ ಟ್ಯಾಂಕನ್ನು ಅಹಮದ್‌ನಗರದ, ಅಂದರೆ ಈಗಿನ ಅಹಿಲ್ಯಾನಗರದ ಆರ್ಮರ್ಡ್ ಕೋರ್ ಸೆಂಟರ್‌ನಲ್ಲಿ ಜೋಪಾನ ಮಾಡಿದ್ದಾರೆ. ಅದೇ ಊರಿನ ಟ್ಯಾಂಕ್ ಮ್ಯೂಸಿಯಂಗೆ ಮೇ ತಿಂಗಳಲ್ಲಿ ಹೋಗಿ ಸೆಂಚುರಿಯನ್ ಸುತ್ತ ಒಂದು ತಾಸು ನಿಂತು, ನೋಟ್‌ಬುಕ್‌ನಲ್ಲಿ ಗುರುತು ಮಾಡಿಕೊಂಡು ಬಂದಿದ್ದೇನೆ. ನಮ್ಮ ಬಡಾವಣೆಯಲ್ಲಿ ಭಾನುವಾರ ಕನ್ನಡ ಕಲಿಯಲು ಹದಿನಾಲ್ಕು ಮಕ್ಕಳು ಬರುತ್ತಾರೆ. ಈ ಡಿಸೆಂಬರ್ 16ಕ್ಕೆ ಟ್ಯಾಂಕ್ ತಂದಿಟ್ಟು ಅರುಣ್ ಅವರ ಕಥೆ ಹೇಳುತ್ತೇನೆ ಎಂದು ಮಾತು ಕೊಟ್ಟಿದ್ದೇನೆ. ಬ್ಯಾರೆಲ್ ಬಂದ ಮೇಲೂ ಪ್ರೈಮರ್, ಬಣ್ಣ, ಡೆಕಾಲ್, ವಾಶ್ (ಸಂದುಗಳು ಎದ್ದು ಕಾಣಲು ಹಚ್ಚುವ ತೆಳು ಬಣ್ಣ) ಎಲ್ಲ ಬಾಕಿ ಇದೆ. ಮಳೆಗಾಲದ ತೇವದಲ್ಲಿ ಬಣ್ಣ ಬೇಗ ಒಣಗುವುದೂ ಇಲ್ಲ.

ನನಗೆ ಬೇಕಾದದ್ದು 20 ಪೌಂಡರ್‌ನ ಲೋಹದ ಬ್ಯಾರೆಲ್, ಹಿತ್ತಾಳೆ ಹಾಳೆ, ಒಂದು ಒಳ್ಳೆ ಡೆಕಾಲ್ ಹಾಳೆ. ಎಂಜಿನ್ ಮೇಲಿನ ಜಾಲರಿ, ಹೆಡ್‌ಲೈಟ್ ಗಾರ್ಡ್ ಎಲ್ಲ ಆ ಹಿತ್ತಾಳೆ ಹಾಳೆಯಲ್ಲೇ ಬರಬೇಕು. ಬಿಡಿಯಾಗಿ ಸಿಗದಿದ್ದರೆ ಇನ್ನೊಂದು ಡಬ್ಬಿ ತೆರೆದು ಕಳಿಸಿ. ಗಟ್ಟಿ ರಟ್ಟಿನ ನಡುವೆ ಇಟ್ಟು, ಮೇಲೊಂದು ಪ್ಲಾಸ್ಟಿಕ್ ಹೊದಿಕೆ ಹಾಕಿ. ಹಾಗೆಯೇ, ಲೋಹದ ಬ್ಯಾರೆಲ್ ಇಲ್ಲದ ಡಬ್ಬಿಗಳು ನಿಮ್ಮಲ್ಲಿ ಇನ್ನೂ ಇದ್ದರೆ ದಯವಿಟ್ಟು ಮಾರಾಟದ ಪುಟದ ಆ ಸಾಲನ್ನು ತಿದ್ದಿ.

2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ, ಜಾಹೀರಾತಿನಲ್ಲಿ ಹೇಳಿದಂತೆ ಇಲ್ಲದ ಸಾಮಾನನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ ಎಂದು ಮಾರುವವರು ಹೇಳುವಂತಿಲ್ಲ. ದೂರನ್ನು ಒಂದು ತಿಂಗಳ ಒಳಗೆ ಬಗೆಹರಿಸಬೇಕು. ನನ್ನ ದೂರಿಗೆ ಆಗಸ್ಟ್ 1ಕ್ಕೇ ತಿಂಗಳು ತುಂಬಿತು. ಆಗಸ್ಟ್ 25ರವರೆಗೆ ಕಾಯುತ್ತೇನೆ. ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುತ್ತೇನೆ. ಅದಕ್ಕೆ ಬೇಕಾದ ಕಾಗದಗಳನ್ನು ಜೋಡಿಸಿಟ್ಟಿದ್ದೇನೆ.

ಯಾವ ದಿನ ಕಳಿಸುತ್ತೀರಿ ಎಂದು ಬರೆದು ತಿಳಿಸಿ. ಫೋನ್ ಬೇಡ.

ಇಂತಿ,
ನಿಮ್ಮ ಗ್ರಾಹಕಿ

ಲಗತ್ತು: ಫೋಟೋ 9, ಬಿಲ್ಲಿನ ಪ್ರತಿ, ಜುಲೈ 1 ಮತ್ತು ಜುಲೈ 26ರ ಮೇಲ್‌ಗಳ ಪ್ರತಿ